ಉಲ್ಟಾ ಜೋಡಿಸಿದ್ದೇ ಉಪಯೋಗಕ್ಕೆ ಬಂತು

ಕಲಬುರಗಿಯ ಒಂದು ಭಂಗಾರ (ಗುಜರಿ) ಅಂಗಡಿಯಲ್ಲಿ ಅದು ಬಿದ್ದಿತ್ತು. ಎರಡು ಕಬ್ಬಿಣದ ಗಾಲಿ, ನಡುವೆ ತಿರುಚಿದ ಐದು ಬ್ಲೇಡಿನ ರೀಲ್, ತಳ್ಳಲು ಮರದ ಹಿಡಿ. ಪೆಟ್ರೋಲೂ ಬೇಡ, ಕರೆಂಟೂ ಬೇಡ, ಕೈಯಿಂದ ತಳ್ಳಿ ಹುಲ್ಲು ಕತ್ತರಿಸುವ ಹಳೇ ಮಷೀನು. ಅಂಗಡಿಯವನು ತೂಕಕ್ಕೆ ಹಾಕಿ ಕೊಟ್ಟ. "ಇದರಾಗ ತುಕ್ಕು ಬಿಟ್ಟು ಏನದರಿ ಸರ್?" ಅಂತ ನಕ್ಕ.

ಒಂದು ನಟ್ಟೂ ಅಲ್ಲಾಡಲಿಲ್ಲ. ಚಿಮಣಿ ಎಣ್ಣೆ ಈಗೆಲ್ಲಿ ಸಿಗುತ್ತೆ, ಡೀಸೆಲ್ ಸುರಿದು ಮೂರು ದಿನ ಬಿಟ್ಟೆ. ಏಪ್ರಿಲ್ ಬಿಸಿಲಿಗೆ ಕಬ್ಬಿಣ ಮುಟ್ಟೋಕಾಗಲ್ಲ, ಹಾಗಾಗಿ ಕೆಲಸವೆಲ್ಲ ಬೆಳಿಗ್ಗೆ ಎಂಟರೊಳಗೇ. ತಂತಿ ಬ್ರಷ್, ಎಮರಿ ಪೇಪರ್, ಮೇಲೆ ರೆಡ್ ಆಕ್ಸೈಡ್, ಆಮೇಲೆ ಹಸಿರು ಬಣ್ಣ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಹೇಳಬೇಕಾದ್ದು ಗಾಲಿಯ ಒಳಗಿನ ಸಂಗತಿ. ಗಾಲಿಯ ಒಳಸುತ್ತಿನಲ್ಲಿ ಹಲ್ಲುಗಳಿವೆ. ಅವು ಒಂದು ಚಿಕ್ಕ ಗೇರನ್ನು ತಿರುಗಿಸುತ್ತವೆ. ಗೇರಿನೊಳಗೆ, ರೀಲಿನ ಶಾಫ್ಟ್ ಸೀಳಿನಲ್ಲಿ ಬೆರಳ ತುದಿಯಷ್ಟು ಉದ್ದದ ಒಂದು ಕೀಲಿ ಕೂತಿರುತ್ತೆ. ಮುಂದೆ ತಳ್ಳಿದರೆ ಕಚ್ಚುತ್ತೆ, ಹಿಂದೆ ಎಳೆದರೆ ಜಾರುತ್ತೆ, ಥೇಟ್ ಸೈಕಲ್ ಫ್ರೀವೀಲ್. ನನ್ನ ಮಷೀನಿನಲ್ಲಿ ಹಳೇ ಗ್ರೀಸು ಡಾಂಬರಿನಂತೆ ಗಟ್ಟಿಯಾಗಿ ಎರಡೂ ಕೀಲಿ ಅಂಟಿಕೊಂಡಿದ್ದವು. ತೊಳೆದು, ಒರೆಸಿ, ಜೋಡಿಸಿದೆ. ಬಿಚ್ಚುವಾಗ ಫೋಟೋ ಮಾತ್ರ ತೆಗೆದಿರಲಿಲ್ಲ. ಮುಂದೆ ತಳ್ಳಿದೆ, ರೀಲ್ ಸುಮ್ನೆ ನಿಂತಿತ್ತು. ಹಿಂದೆ ಎಳೆದರೆ ಗಿರಗಿರ ಉಲ್ಟಾ ತಿರುಗಿತು! ಎರಡೂ ಕಡೆ ಕೀಲಿ ತಿರುವುಮುರುವಾಗಿ ಕೂತಿತ್ತು.

ಮತ್ತೆ ಬಿಚ್ಚಲು ಹೊರಟವನು ತಡೆದೆ. ಬ್ಲೇಡಿಗೆ ಸಾಣೆ ಹಿಡಿಯಲು ರೀಲನ್ನು ಉಲ್ಟಾ ತಿರುಗಿಸಬೇಕು, ಬೇಕಾಗಿದ್ದುದೂ ಇದೇ ಅಲ್ವಾ?

ಗ್ರೈಂಡರಿಗೆ ಕೊಡಿ ಎಂದವರಿದ್ದರು. ಆದರೆ ಇದು ಚಾಕು ಅಲ್ಲ, ಕತ್ತರಿ. ರೀಲಿನ ಬ್ಲೇಡು ಕೆಳಗಿನ ನೇರ ಪಟ್ಟಿಗೆ ತಾಗುತ್ತಾ ಹೋದರಷ್ಟೇ ಹುಲ್ಲು ಕತ್ತರಿಸುತ್ತೆ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಇದಕ್ಕೆ ಪೇಟೆಂಟ್ ಪಡೆದ. ಗಿರಣಿಯಲ್ಲಿ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಯಂತ್ರವೇ ಅವನಿಗೆ ದಾರಿ ತೋರಿಸಿದ್ದು. ನಮ್ಮ ಕಲಬುರಗಿಯ ಎಂಎಸ್‌ಕೆ ಬಟ್ಟೆ ಮಿಲ್ಲಿನ ಹಳಬರಿಗೆ ಹೇಳಿದ್ದರೆ ಖುಷಿಪಡುತ್ತಿದ್ದರು.

ಮೊದಲು ಕೆಳಪಟ್ಟಿಯನ್ನು ಅಂಗಳದ ಶಹಾಬಾದ್ ಫರಸಿ ಮೇಲಿಟ್ಟು ನೋಡಿದೆ. ಬೆಳಕು ತೂರಲಿಲ್ಲ, ಬಾಗಿಲ್ಲ ಅಂತಾಯಿತು. ಆಟೋಮೊಬೈಲ್ ಅಂಗಡಿಯ ವಾಲ್ವ್ ಪೇಸ್ಟನ್ನು (ಎಂಜಿನ್ ವಾಲ್ವ್ ಉಜ್ಜುವ ತರಿತರಿ ಪೇಸ್ಟ್) ಹಳೇ ಟೂತ್‌ಬ್ರಷ್‌ನಿಂದ ಬ್ಲೇಡುಗಳಿಗೆ ಬಳಿದು, ಮಷೀನು ಮಗುಚಿ, ಗಾಲಿಯನ್ನು ಹಿಂದಕ್ಕೆ ತಿರುಗಿಸುತ್ತಾ ಕೂತೆ. ಮೊದಲು ಕರಕರ ಸದ್ದು. ಹತ್ತು ನಿಮಿಷಕ್ಕೆ ಸದ್ದು ನುಣುಪಾಯಿತು, ಅಂಚಿನುದ್ದಕ್ಕೂ ತೆಳ್ಳನೆ ಬೆಳ್ಳಿಗೆರೆ ಮೂಡಿತು. ಪೇಸ್ಟ್ ಪೂರ್ತಿ ತೊಳೆದು, ಈಗ ಕೀಲಿ ಸರಿಯಾಗಿ ಕೂರಿಸಿದೆ.

ರೀಲು, ಕೆಳಪಟ್ಟಿಯ ನಡುವಿನ ಸಂದು ಹೊಂದಿಸುವ ಎರಡೂ ಬದಿಯ ಸ್ಕ್ರೂಗಳನ್ನು ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಗೆ ತಿರುಗಿಸಲಿಲ್ಲ. ಪ್ರತಿ ಸಲ ಪೇಪರಿನ ಚೂರು ಹಿಡಿದು ಪರೀಕ್ಷೆ, ಬೆರಳು ದೂರ. ಎಡಗಡೆ ಕತ್ತರಿಸಿತು, ಬಲಗಡೆ ಬರೀ ಮಡಚಿತು. ಅರ್ಧ ಗಂಟೆ ಇದೇ ಆಟ.

ಜೂನ್ ಮಳೆಗೆ ಅಂಗಳದಲ್ಲಿ ಗರಿಕೆ ಎದ್ದಿತು. ಪಕ್ಕದ ಮನೆಯ ಆಯಿ ಕಾಂಪೌಂಡಿನಿಂದ ಇಣುಕಿ, "ಸಪ್ಪಳನೇ ಇಲ್ಲಲ್ಲೋ ತಮ್ಮಾ" ಅಂದರು. ಮೊಣಕಾಲೆತ್ತರ ಬೆಳೆದ ಹುಲ್ಲಿಗೆ ಮಾತ್ರ ಈ ಮಷೀನು ಆಗೋದಿಲ್ಲ, ಕಡ್ಡಿ ಬಾಗಿಸಿ ಮೇಲೆ ಹಾದುಹೋಗುತ್ತೆ. ಅದಕ್ಕೆ ಮೊದಲು ಕುಡುಗೋಲೇ.