‘ರನ್’ ಅರ್ಥಕ್ಕೆ ಜೊತೆಪದವನ್ನು ನೋಡಿ

ಕೋಲಾರದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವರ ಗಮನಕ್ಕೆ: ‘ರನ್’ ಎದುರಾದಾಗ ‘ಓಡು’ ಎಂದು ಬರೆಸುವ ಮೊದಲು ಜೊತೆಗಿರುವ ನಾಮಪದಕ್ಕೆ ಗೆರೆ ಎಳೆಸಿ, ಅದಕ್ಕೆ ಕನ್ನಡದಲ್ಲಿ ಯಾವ ಕ್ರಿಯಾಪದ ಹೊಂದುತ್ತದೆ ಎಂದು ಕೇಳಿ. ಮೂಗಾದರೆ ಸೋರುತ್ತದೆ, ಅಂಗಡಿಯಾದರೆ ನಡೆಸುತ್ತಾರೆ, ಮುಳಬಾಗಿಲಿನ ಬಸ್ಸಾದರೆ ಸಂಚರಿಸುತ್ತದೆ, ಹೊಸ ಸೀರೆಯನ್ನು ನೀರಿಗೆ ಹಾಕಿದಾಗ ಬಣ್ಣ ಬಿಡುತ್ತದೆ. ಚುನಾವಣೆಗೆ ಅಮೆರಿಕದವರು ‘ರನ್’ ಎನ್ನುವಲ್ಲಿ ನಾವು ‘ನಿಲ್ಲು’ ಎನ್ನುತ್ತೇವೆ. ಇದನ್ನು ಒಮ್ಮೆ ಕೇಳಿದ ಮಗು ಮರೆಯುವುದಿಲ್ಲ. ಅರ್ಥವನ್ನು ನಿರ್ಧರಿಸುವುದು ನಾಮಪದ. ಅದು ಕಂಡ ಕೂಡಲೇ ಮಗುವಿಗೆ ಆಗಲೇ ಗೊತ್ತಿರುವ ಜೋಡಿ ತಾನಾಗಿ ನಾಲಿಗೆಗೆ ಬರುತ್ತದೆ. ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೆ ತೆಲುಗಿನಲ್ಲೇ ಕೇಳಿ, ಅಡ್ಡಿಯಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಈ ಒಂದು ಕ್ರಿಯಾಪದಕ್ಕೇ 600ಕ್ಕೂ ಹೆಚ್ಚು ಅರ್ಥಗಳನ್ನು ಕೊಡುತ್ತದೆ. ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ಆದರೆ ‘ರನ್’ ಬೆನ್ನಿಗೇ ‘ಔಟ್ ಆಫ್’, ‘ಇನ್‌ಟು’, ‘ಓವರ್’ ಬಂದರೆ ಈ ಉಪಾಯ ಕೈಕೊಡುತ್ತದೆ. ಟೊಮೆಟೊ ಮುಗಿದುಹೋದರೂ, ಸಂತೆಯಲ್ಲಿ ಹಳೆಯ ಗೆಳೆಯ ಅಚಾನಕ್ಕಾಗಿ ಸಿಕ್ಕರೂ, ಲಾರಿ ನಾಯಿಯ ಮೇಲೆ ಹರಿದರೂ ಅಲ್ಲಿ ‘ರನ್’ ಇರುತ್ತದೆ. ಇಂಥವನ್ನು ಬಿಡಿಸದೆ ಇಡಿಯಾಗಿ, ಒಂದೊಂದು ವಾಕ್ಯದೊಂದಿಗೆ ಕಲಿಸಿ.