35 ವಾಟ್ ಪ್ರೊಸೆಸರ್‌ಗೆ ಬೆಲೆ ಕಟ್ಟುವ ಬಗೆ

ಈಚಿನ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಹೆಸರಿನ ಕೊನೆಯಲ್ಲಿ ‘ಟಿ’ ಇದ್ದರೆ, ಎಎಂಡಿ ರೈಜನ್‌ಗಳಲ್ಲಿ ‘ಜಿಇ’ ಇದ್ದರೆ, ಅದು ಸಾಮಾನ್ಯವಾಗಿ 35 ವಾಟ್ ಮಿತಿಯ ಚಿಪ್. ಕರೆಂಟ್ ಬಿಲ್ಲು ಅರ್ಧಕ್ಕರ್ಧ ಇಳಿಯುತ್ತದೆಂದು ನಂಬಿ ಇದಕ್ಕೆ ಹೆಚ್ಚು ಹಣ ತೆರುವವರಿದ್ದಾರೆ. ಆದರೆ 35 ವಾಟ್ ಎಂಬುದು ಚಿಪ್ ಸದಾ ಬಳಸುವ ವಿದ್ಯುತ್ತಲ್ಲ. ದೀರ್ಘಕಾಲ ದುಡಿಯುವಾಗ ಅದು ದಾಟದಂತೆ ಹಾಕಿದ ಗೆರೆ. ಇಂಟೆಲ್‌ನ ಐ5-12400ಟಿ ಕೂಡ ಅಲ್ಪ ಹೊತ್ತು 74 ವಾಟ್‌ವರೆಗೆ ಏರಬಲ್ಲದು. ಕೆಲಸವಿಲ್ಲದೆ ಕುಳಿತಾಗಲಂತೂ 35 ವಾಟ್ ಚಿಪ್ ಮತ್ತು ಸಾಮಾನ್ಯ 65 ವಾಟ್ ಚಿಪ್‌ಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ದಿನಕ್ಕೆ ನಾಲ್ಕು ಗಂಟೆ ಪೂರ್ಣ ಹೊರೆಯಲ್ಲಿ ದುಡಿಸಿದರೂ 30 ವಾಟ್ ಉಳಿತಾಯವೆಂದರೆ ವರ್ಷಕ್ಕೆ ಸುಮಾರು 44 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ ಹಿಡಿದರೆ 300 ರೂಪಾಯಿಯ ಆಸುಪಾಸು. ಮನೆಯಲ್ಲಿ ಅಷ್ಟು ಹೊರೆ ಬೀಳುವುದೇ ಅಪರೂಪವಾದ್ದರಿಂದ, ಟಿ ಚಿಪ್‌ಗೆಂದು ಎರಡು ಸಾವಿರ ಹೆಚ್ಚು ಕೊಟ್ಟರೆ ಅದು ಮರಳಿ ಬರುವ ಹೊತ್ತಿಗೆ ಚಿಪ್ ಹಳತಾಗಿರುತ್ತದೆ. ವೇಗದ ನಷ್ಟ ಬೇರೆ: ಐ5-8500 ಮತ್ತು ಐ5-8500ಟಿ ಎರಡಕ್ಕೂ ಆರು ಕೋರ್‌ಗಳೇ (ಲೆಕ್ಕ ಮಾಡುವ ಘಟಕಗಳು) ಇದ್ದರೂ, ಮೂಲ ವೇಗ ಮೊದಲನೆಯದಕ್ಕೆ 3.0, ಎರಡನೆಯದಕ್ಕೆ 2.1 ಗಿಗಾಹರ್ಟ್ಜ್.

ಹಾಗಾದರೆ ಇದಕ್ಕೆ ಬೆಲೆ ಎಲ್ಲಿ? ಶಾಖ ಹೊರಹೋಗಲು ಜಾಗವಿಲ್ಲದ ಕಡೆ. ಒಂದು ಲೀಟರ್ ಗಾತ್ರದ ಪುಟ್ಟ ಕಂಪ್ಯೂಟರ್‌ನ ತೆಳುವಾದ ಹೀಟ್‌ಸಿಂಕ್ (ಶಾಖ ಹೀರುವ ಲೋಹದ ತುಂಡು), ಸಣ್ಣ ಫ್ಯಾನ್, ಲ್ಯಾಪ್‌ಟಾಪ್ ಬಗೆಯ ಅಡಾಪ್ಟರ್, ಇವೆಲ್ಲವನ್ನೂ 35 ವಾಟ್‌ಗೆಂದೇ ಅಳೆದಿಟ್ಟಿರುವಲ್ಲಿ ಟಿ ಚಿಪ್ಪೇ ಸರಿಯಾದ ಆಯ್ಕೆ. ದೊಡ್ಡ ಕ್ಯಾಬಿನೆಟ್ ಇದ್ದವರು ಸಾಮಾನ್ಯ ಚಿಪ್ ಕೊಂಡು, ಮದರ್‌ಬೋರ್ಡ್ ಅವಕಾಶ ಕೊಟ್ಟರೆ ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆಯಲ್ಲಿ) ವಿದ್ಯುತ್ ಮಿತಿಯನ್ನು ತಾವೇ ಇಳಿಸಿಕೊಳ್ಳುವುದು ಮೇಲು. ರೈಜನ್ 5600ಜಿ ಚಿಪ್ಪನ್ನು ಹೀಗೆ 65ರಿಂದ 45 ವಾಟ್‌ಗೆ ತರಬಹುದು.

35 ವಾಟ್ ಚಿಪ್‌ಗಳು ಅಂಗಡಿಯಲ್ಲಿ ಪೆಟ್ಟಿಗೆ ಸಮೇತ ಸಿಗುವುದು ವಿರಳ, ಏಕೆಂದರೆ ಬಹುಪಾಲು ನೇರವಾಗಿ ಕಂಪ್ಯೂಟರ್ ತಯಾರಕರಿಗೇ ಹೋಗುತ್ತವೆ. ಬಿಡಿಯಾಗಿ ಬರುವ ‘ಟ್ರೇ’ ಚಿಪ್‌ಗೆ ಕೂಲರ್ ಇರುವುದಿಲ್ಲ, ವಾರಂಟಿಗೆ ಮಾರಿದವರನ್ನೇ ಹಿಡಿಯಬೇಕು. ಉಳಿದವು ಕಚೇರಿಗಳು ಬದಲಿಸಿದ ಹಳೆಯ ಯಂತ್ರಗಳಿಂದ ಬಿಚ್ಚಿದವು. ಹೀಗಾಗಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಬರೀ ಚಿಪ್ಪಿನ ಬೆಲೆ ಕೇಳುವಾಗ, ಅದೇ ಚಿಪ್ ಇರುವ ಇಡೀ ಪುಟ್ಟ ಕಂಪ್ಯೂಟರ್‌ನ ಬೆಲೆಯನ್ನೂ ಕೇಳಲೇಬೇಕು. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಮೇಲಿನವನ್ನು ಒಪ್ಪುವುದರಿಂದ, ಲಿನಕ್ಸ್ ಬಳಸುವವರನ್ನು ಬಿಟ್ಟು ಉಳಿದವರು ಏಳನೇ ಪೀಳಿಗೆಯ ಐ5-7500ಟಿಯಂಥವಕ್ಕೆ ಹೆಚ್ಚು ಕೊಡಬಾರದು.

ಚಿಪ್ ಕೈಗೆ ಬಂದಾಗ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಮುಚ್ಚಳದ ಮೇಲಿನ ಬರಹ ಓದಿ. ಇಂಟೆಲ್‌ನಲ್ಲಿ ‘ಎಸ್‌’ನಿಂದ ಶುರುವಾಗುವ ಸಂಕೇತವಿದ್ದರೆ ಮಾರಾಟಕ್ಕೆ ಬಂದದ್ದು, ‘ಕ್ಯೂ’ ಇದ್ದರೆ ಪರೀಕ್ಷೆಗೆ ಕೊಟ್ಟ ಮಾದರಿ, ಅದನ್ನು ಬಿಟ್ಟುಬಿಡಿ. ಎಎಂ4 (ಎಎಂಡಿಯ ಒಂದು ಬಗೆಯ ಸಾಕೆಟ್) ಚಿಪ್ ಆದರೆ ತಿರುಗಿಸಿ, ಪಿನ್‌ಗಳ ಸಾಲನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಿ. ಬಾಗಿದ ಒಂದು ಪಿನ್ ಸಾಲಿನಿಂದ ಹೊರಗೆ ಎದ್ದು ಕಾಣುತ್ತದೆ. ಕಾಣದ ದೋಷವೂ ಒಂದುಂಟು: ಕೆಲವು ತಯಾರಕರ ಯಂತ್ರದಲ್ಲಿದ್ದ ರೈಜನ್ ಪ್ರೊ (ಕಚೇರಿ ಬಳಕೆಯ ರೈಜನ್) ಚಿಪ್‌ಗಳು ಆ ತಯಾರಕರ ಬೋರ್ಡ್‌ಗೇ ಬೀಗ ಬಿದ್ದಿರುತ್ತವೆ, ಬೇರೆಯದರಲ್ಲಿ ಆನ್ ಆಗುವುದೇ ಇಲ್ಲ. ಆದ್ದರಿಂದ ನಿಮ್ಮದೇ ಮದರ್‌ಬೋರ್ಡ್ ಒಯ್ದು, ಅದರಲ್ಲಿ ಚಿಪ್ ಕೂರಿಸಿ, ಪರದೆ ಬೆಳಗಿದ ಮೇಲೆಯೇ ಹಣ ಕೊಡಿ.