ಹಾಡಿಯವರು ಅಂಕ ಕೊಡಲಿ: ಕೊಡಗಿನ ವೈದ್ಯಕೀಯ ಬೋಧಕರಿಗೆ

ಹೊರರೋಗಿ ವಿಭಾಗಕ್ಕೆ ಕಾಫಿ ತೋಟದ ಮಾಲೀಕರ ಮನೆಯವರು ಬಂದರೆ ‘ಏನಾಗ್ತಿದೆ, ಹೇಳಿ’ ಎನ್ನುವ ಕಿರಿಯ ವೈದ್ಯರು, ಅದೇ ತೋಟದ ಲೈನ್ ಮನೆಯಿಂದ (ಕೂಲಿಕಾರರ ಸಾಲುಮನೆ) ಬಂದ ಎರವ ಬುಡಕಟ್ಟಿನ ತಾಯಿಗೆ ‘ಇಷ್ಟು ದಿನ ಏನು ಮಾಡ್ತಿದ್ದೆ?’ ಎಂದು ಕೇಳಿಬಿಡುತ್ತಾರೆ. ಸಾಂಸ್ಕೃತಿಕ ಸುರಕ್ಷತೆಯ ಪಾಠವನ್ನು ಈ ಏಕವಚನದಿಂದಲೇ ಆರಂಭಿಸಿ.

ಮಾವೊರಿ ದಾದಿ ಇರಿಹಪೆಟಿ ರಾಮ್ಸ್‌ಡೆನ್ ರೂಪಿಸಿದ ಈ ಪರಿಕಲ್ಪನೆಯನ್ನು ನ್ಯೂಜಿಲೆಂಡಿನ ನರ್ಸಿಂಗ್ ಕೌನ್ಸಿಲ್ 1992ರಲ್ಲಿ ದಾದಿಯರ ಶಿಕ್ಷಣಕ್ಕೆ ಸೇರಿಸಿತು. ಚಿಕಿತ್ಸೆ ಸುರಕ್ಷಿತವೆನಿಸಿತೇ ಎಂಬ ತೀರ್ಪು ಚಿಕಿತ್ಸೆ ಪಡೆದವರದೇ ಹೊರತು ಅದನ್ನು ಕೊಟ್ಟವರದಲ್ಲ ಎಂಬುದೇ ಅದರ ತಿರುಳು. ಹಾಗಾಗಿ ‘ಬುಡಕಟ್ಟು ಆಚಾರಗಳು’ ಎಂಬ ಒಂದು ಗಂಟೆಯ ಉಪನ್ಯಾಸ ಸಾಲದು. ಅದು ಎದುರಿನವರನ್ನು ವಸ್ತುಪ್ರದರ್ಶನಕ್ಕಿಡುತ್ತದೆ, ವಿದ್ಯಾರ್ಥಿ ತನ್ನ ನಡವಳಿಕೆಯನ್ನು ನೋಡಿಕೊಳ್ಳುವುದೇ ಇಲ್ಲ.

ಇದಕ್ಕಾಗಿ ಹೊಸ ಪಠ್ಯಕ್ರಮ ಬೇಕಿಲ್ಲ. ಎಂಬಿಬಿಎಸ್‌ನ ಆರಂಭಿಕ ಫೌಂಡೇಶನ್ ಕೋರ್ಸ್, ಏಟ್‌ಕಾಮ್ (ಮನೋಭಾವ, ನೈತಿಕತೆ, ಸಂವಹನ) ತರಗತಿಗಳು ಮತ್ತು ವಿದ್ಯಾರ್ಥಿಗಳು ಕೆಲವು ಕುಟುಂಬಗಳ ಆರೋಗ್ಯವನ್ನು ಗಮನಿಸುತ್ತಾ ಕಲಿಯುವ ಕುಟುಂಬ ದತ್ತು ಕಾರ್ಯಕ್ರಮ ಈಗಾಗಲೇ ಇವೆ. ದತ್ತು ಕುಟುಂಬಗಳಲ್ಲಿ ಕೆಲವು ಜೇನುಕುರುಬ, ಬೆಟ್ಟಕುರುಬ, ಎರವರ ಹಾಡಿಗಳಲ್ಲಿ, ಅಂದರೆ ಬುಡಕಟ್ಟು ಜನರ ವಸತಿಗಳಲ್ಲಿರಲಿ. ಮೊದಲ ಭೇಟಿಗೆ ತೋಟದ ರೈಟರನ್ನು ಜೊತೆಗೆ ಕರೆದೊಯ್ಯಬೇಡಿ. ಕೂಲಿ ಲೆಕ್ಕ ಬರೆಯುವವರ ಎದುರು ಯಾರೂ ಮೈನೋವಿನ ಮಾತೆತ್ತುವುದಿಲ್ಲ. ಹಾಡಿಯ ಹಿರಿಯ ಹೆಂಗಸೊಬ್ಬರು ದಾರಿ ತೋರಿಸಲಿ, ಅವರಿಗೆ ಸಂಭಾವನೆಯೂ ಸಲ್ಲಲಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ಹೋಗಿ, ದಿನಗೂಲಿ ಕಳೆಯಬೇಡಿ. ದೇವರನ್ನೂ ಜನರನ್ನೂ ಬೈಯುತ್ತಾ ಆಚರಿಸುವ ಕುಂಡೆ ಹಬ್ಬದ ದಿನ ಶಿಬಿರವನ್ನಂತೂ ಇಡಲೇಬೇಡಿ. (ಇಟ್ಟರೆ ಬೈಗುಳ ಖಂಡಿತ, ಆ ದಿನ ಅದಕ್ಕೆ ದೇವರ ಒಪ್ಪಿಗೆಯೂ ಇದೆ.) ಎರವರಿಗೂ ಜೇನುಕುರುಬರಿಗೂ ಅವರವರ ನುಡಿಯಿದೆ, ಕನ್ನಡ ಎರಡನೆಯದು ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಲಿ.

ತರಗತಿಯಲ್ಲಿ ಚರ್ಚಿಸಲು ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್), ಅಂದರೆ ರಕ್ತಕಣಗಳು ಕುಡಗೋಲಿನಂತೆ ಬಾಗಿ ತೀವ್ರ ಮೂಳೆ ನೋವು ತರುವ ಆನುವಂಶಿಕ ಕಾಯಿಲೆ, ಒಳ್ಳೆಯ ವಿಷಯ. 2047ರೊಳಗೆ ಅದನ್ನು ನಿವಾರಿಸುವ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಆರಂಭವಾಯಿತು. ತಪಾಸಣೆಯ ಫಲಿತಾಂಶವನ್ನು ಹಾಡಿಯ ಅಂಗಳದಲ್ಲಿ ಹೆಸರು ಕೂಗಿ ಓದಿದರೆ, ತನಗೆ ಕಾಯಿಲೆಯಿಲ್ಲದೆ ರೋಗವಾಹಕಿಯಷ್ಟೇ ಆಗಿರುವ ಹುಡುಗಿಯ ಮದುವೆಯ ಮಾತೇ ನಿಂತುಹೋಗಬಹುದು. ಮೂಳೆ ನೋವಿನಿಂದ ನರಳುತ್ತಾ ರಾತ್ರಿ ಬಂದವನ ಬಾಯಲ್ಲಿ ಸಾರಾಯಿ ವಾಸನೆಯಿದ್ದರೆ ‘ಕುಡಿದು ಬಂದಿದ್ದಾನೆ’ ಎಂದು ಕೇಸ್‌ಶೀಟ್ ಮುಚ್ಚಿಬಿಡುವ ಅಪಾಯವೂ ಇದೆ. ಈ ಎರಡು ಸನ್ನಿವೇಶಗಳನ್ನು ವಿದ್ಯಾರ್ಥಿಗಳಿಂದ ಅಭಿನಯ ಮಾಡಿಸಿ. ‘ಯಾಕೆ ತಡ ಮಾಡಿದೆ?’ ಎಂಬುದನ್ನು ‘ಬರಲು ಏನು ತೊಂದರೆಯಾಯಿತು?’ ಎಂದು ಬದಲಿಸಿ ಕೇಳಿಸಿ. ಬಸ್ಸಿಲ್ಲದ್ದು, ಕೂಲಿ ತಪ್ಪುವುದು, ಹಿಂದೊಮ್ಮೆ ಬೈಸಿಕೊಂಡದ್ದು ಆಗ ಹೊರಬರುತ್ತವೆ.

ಅಂಕವಿಲ್ಲದ ಪಾಠವನ್ನು ವೈದ್ಯ ವಿದ್ಯಾರ್ಥಿ ಓದುವುದಿಲ್ಲ. ಆದ್ದರಿಂದ ಆಂತರಿಕ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂದು ಭಾಗದ ಅಂಕವನ್ನು, ತರಬೇತಿ ಪಡೆದ ಹಾಡಿಯ ಮಹಿಳೆಯೇ ಕೊಡಲಿ. ಕೂರಿಸಿ ಮಾತಾಡಿದರೇ, ಮುಟ್ಟುವ ಮೊದಲು ಕೇಳಿದರೇ, ಮಾತ್ರೆ ಯಾತಕ್ಕೆಂದು ಹೇಳಿದರೇ ಎಂಬ ಮೂರೇ ಪ್ರಶ್ನೆ ಸಾಕು. ರೋಗನಿರ್ಣಯ ಸರಿಯಿದ್ದರೂ ಆಕೆ ‘ಇಲ್ಲ’ ಎಂದಲ್ಲಿ ಬೋಧಕರು ತಿದ್ದಬಾರದು.